ಥೇಮ್ಸ್ ದಡದಲ್ಲಿ ಟಾಟಾ ಮನೆ

ಲಂಡನ್ನಿನ ನೈಋತ್ಯಕ್ಕೆ, ಥೇಮ್ಸ್ ನದಿ ದಡದಲ್ಲಿ ಟ್ವಿಕೆನ್‌ಹ್ಯಾಮ್ ಅಂತ ಒಂದು ಊರಿದೆ. ಹೆಸರು ಕೇಳಿದ ತಕ್ಷಣ ಬಹಳ ಜನರಿಗೆ ನೆನಪಾಗೋದು ರಗ್ಬಿ. 82 ಸಾವಿರ ಜನ ಕೂರುವ ಕ್ರೀಡಾಂಗಣ. 1907ರಲ್ಲಿ ಜಾಗ ಕೊಂಡಾಗ ಅಲ್ಲಿದ್ದದ್ದು ತರಕಾರಿ ತೋಟ. ಅದಕ್ಕೇ ‘ಕೋಸಿನ ತೋಟ’ ಅನ್ನೋ ಅಡ್ಡಹೆಸರು ಇವತ್ತಿಗೂ ಉಳಿದಿದೆ. ಇರಲಿ, ರಗ್ಬಿ ಪಕ್ಕಕ್ಕಿಡೋಣ. ನಾನು ಹೇಳಬೇಕಿರೋದು ಅಲ್ಲಿನ ಎರಡು ಮನೆಗಳ ಕಥೆ.

ಮೊದಲನೆಯದು ಕವಿ ಅಲೆಕ್ಸಾಂಡರ್ ಪೋಪ್ ಮನೆ. 1719ರಲ್ಲಿ ಇಲ್ಲಿಗೆ ಬಂದ ಪೋಪ್, ಹೋಮರನ ಮಹಾಕಾವ್ಯವನ್ನು ಇಂಗ್ಲಿಷಿಗೆ ತಂದು ಕೈತುಂಬ ದುಡ್ಡು ಮಾಡಿದ್ದ. ಆದರೂ ಮನೆ ಸ್ವಂತದ್ದಲ್ಲ, ಗುತ್ತಿಗೆಯದು. ಯಾಕೆ ಗೊತ್ತಾ? ಅವನು ಕ್ಯಾಥೊಲಿಕ್. ಆಗಿನ ಇಂಗ್ಲೆಂಡಿನಲ್ಲಿ ಕ್ಯಾಥೊಲಿಕರು ಭೂಮಿ ಕೊಳ್ಳುವಂತಿಲ್ಲ, ವಿಶ್ವವಿದ್ಯಾಲಯಕ್ಕೆ ಹೋಗುವಂತಿಲ್ಲ, ಸರ್ಕಾರಿ ಹುದ್ದೆ ಹಿಡಿಯುವಂತಿಲ್ಲ. ದೇಶದ ದೊಡ್ಡ ಕವಿಗೆ ಸ್ವಂತ ದೇಶದಲ್ಲಿ ಒಂದು ಅಂಗೈ ಅಗಲ ನೆಲ ಇಲ್ಲ! ಮನೆಗೂ ತೋಟಕ್ಕೂ ಮಧ್ಯೆ ರಸ್ತೆ ಅಡ್ಡ ಬಂದಿತ್ತು. ರಸ್ತೆ ಕೆಳಗೆ ಸುರಂಗ ತೋಡಿಸಿ, ಅದನ್ನೇ ಚಿಪ್ಪು, ಖನಿಜಗಳ ಗುಹೆ ಮಾಡಿಕೊಂಡ. ಅವನು ಸತ್ತ ಮೇಲೂ ಮನೆ ನೋಡೋಕೆ ಜನ ಬರುತ್ತಲೇ ಇದ್ದರು. ಈ ಕಾಟ ತಾಳಲಾರದೆ ಆಮೇಲಿನ ಒಡತಿ ಲೇಡಿ ಹೋವ್ ಮನೆಯನ್ನೇ ಕೆಡವಿಸಿದಳು. ಗುಹೆ ಮಾತ್ರ ಉಳಿದಿದೆ.

ಈ ಊರಿಗೆ ಬಂದವರು ಒಬ್ಬಿಬ್ಬರಲ್ಲ. ಭೂತದ ಕಾದಂಬರಿ ಬರೆದ ಹೊರೇಸ್ ವಾಲ್‌ಪೋಲ್, ಚಿತ್ರಕಾರ ಟರ್ನರ್, ಮುಂದೆ ಫ್ರಾನ್ಸಿನ ದೊರೆಯಾದ ಲೂಯಿ ಫಿಲಿಪ್. 1963ರಲ್ಲಿ ಇಲ್ಲಿನ ನದಿಯ ನಡುಗಡ್ಡೆಯ ಹೋಟೆಲಿನಲ್ಲಿ ರೋಲಿಂಗ್ ಸ್ಟೋನ್ಸ್ ಹುಡುಗರು ಕೂಡ ಹಾಡಿದ್ದರು.

ಎರಡನೆಯದು ಯಾರ್ಕ್ ಹೌಸ್. 1906ರಲ್ಲಿ ಇದನ್ನು ಫ್ರೆಂಚ್ ರಾಜವಂಶದವರಿಂದ ಕೊಂಡವರು ರತನ್ ಟಾಟಾ. ಮೊನ್ನೆ 2024ರಲ್ಲಿ ತೀರಿಕೊಂಡವರಲ್ಲ. ಜೆಮ್‌ಷೆಟ್‌ಜಿ ಟಾಟಾ ಅವರ ಕಿರಿಯ ಮಗ. ಬೆಂಗಳೂರಿನ ಹಳಬರು ‘ಟಾಟಾ ಇನ್‌ಸ್ಟಿಟ್ಯೂಟ್’ ಅಂತಾರಲ್ಲ, ಅದರ ಕನಸು ಕಂಡ ಅದೇ ಜೆಮ್‌ಷೆಟ್‌ಜಿ.

ಈಗ ಸ್ವಲ್ಪ ದಕ್ಷಿಣ ಆಫ್ರಿಕಾದ ಕಡೆ ನೋಡಿ. ಟ್ರಾನ್ಸ್‌ವಾಲ್‌ನಲ್ಲಿ 1885ರ ಕಾನೂನಿನ ಪ್ರಕಾರ, ಭಾರತೀಯರು ಸರ್ಕಾರ ಗುರುತಿಸಿದ ಕೇರಿ ಬಿಟ್ಟು ಬೇರೆಲ್ಲೂ ಆಸ್ತಿ ಕೊಳ್ಳುವಂತಿಲ್ಲ. ಬ್ರಿಟಿಷರು ಬಂದ ಮೇಲೂ ಅದೇ ಕಾನೂನು. ಲಂಡನ್ ಪಕ್ಕದಲ್ಲಿ ಬಂಗಲೆ ಕೊಂಡ ಟಾಟಾ, ಜೊಹಾನ್ಸ್‌ಬರ್ಗಿಗೆ ಹೋಗಿದ್ದರೆ ತಮಗಿಷ್ಟವಾದ ಕಡೆ ಒಂದು ಸೈಟು ಕೊಳ್ಳೋಕೂ ಆಗ್ತಿರಲಿಲ್ಲ. ಪೋಪ್‌ನ ಕಥೆಯೇ, ಇನ್ನೂರು ವರ್ಷದ ನಂತರ! ಅಲ್ಲಿ ಗಾಂಧೀಜಿ ಹೋರಾಟ ಕಟ್ಟಿದ್ದರು, ಕೈ ಖಾಲಿಯಾಗಿತ್ತು. 1909ರಲ್ಲಿ ಈ ಮನೆಯ ಯಜಮಾನರು 25 ಸಾವಿರ ರೂಪಾಯಿ ಕೊಟ್ಟರು. ಮುಂದೆಯೂ ಕೊಡುತ್ತಲೇ ಹೋದರು, ಒಟ್ಟು 1.25 ಲಕ್ಷ. ಬ್ರಿಟಿಷ್ ಸರ್ಕಾರದ ವಿರುದ್ಧದ ಹೋರಾಟಕ್ಕೆ ದುಡ್ಡು ಕೊಟ್ಟ ಇದೇ ಮನುಷ್ಯರಿಗೆ 1916ರಲ್ಲಿ ಅದೇ ಸರ್ಕಾರ ‘ಸರ್’ ಪದವಿ ಕೊಟ್ಟಿತು.

1918ರಲ್ಲಿ ಇಂಗ್ಲೆಂಡಿನಲ್ಲೇ ತೀರಿಕೊಂಡರು. ಮನೆ ಊರಿನ ಪುರಸಭೆಯ ಪಾಲಾಯಿತು. ಟಾಟಾ ತರಿಸಿದ್ದ ಅಮೃತಶಿಲೆಯ ಜಲಕನ್ಯೆಯರು ತೋಟದಲ್ಲಿ ಈಗಲೂ ಇದ್ದಾರೆ. ಊರವರು ಅವರನ್ನು ಕರೆಯೋದು ‘ಬೆತ್ತಲೆ ಹೆಂಗಸರು’ ಅಂತ.