ದೊಣ್ಣೆಯ ನಿಮಿಷ

ಸಿಂಧನೂರಿನ ಮೋಟರ್ ಅಂಗಡಿಗಳಲ್ಲಿ ಗಿರಾಕಿ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಎಷ್ಟ್ ತಾಸಿನ್ಯಾಗ ಒಂದೆಕರೆ ತುಂಬಸ್ತೈತ್ರಿ?’ ಒಂಬತ್ತನೇ ತರಗತಿಯ ಪಠ್ಯದಲ್ಲಿ ಇದೇ ಮಾತಿಗೆ ‘ಸಾಮರ್ಥ್ಯ’ ಎಂಬ ಹೆಸರಿದೆ. ಮಾಡಿದ ಕೆಲಸವನ್ನು ಹಿಡಿದ ಕಾಲದಿಂದ ಭಾಗಿಸಿದರೆ ಬರುವುದು ಅದು. ಗಿರಾಕಿಯ ಪ್ರಶ್ನೆಯಲ್ಲಿ ಎಕರೆಯೂ ಇದೆ, ತಾಸೂ ಇದೆ. ಭಾಷಣಕಾರರ ಸಾಮರ್ಥ್ಯಕ್ಕೆ ಮಾತ್ರ ಗಡಿಯಾರವೇ ಇಲ್ಲ. ಯಾರಿಗೋ ಊರು ಉದ್ಧಾರ ಮಾಡುವ ‘ಸಾಮರ್ಥ್ಯ’ ಇದೆ ಎಂದುಬಿಟ್ಟರೆ ಮುಗಿಯಿತು. ಯಾವಾಗ ಎಂದು ಕೇಳುವುದು ಮರ್ಯಾದೆಯಲ್ಲ.

‘ಶಕ್ತಿ’ಯ ಪಾಡು ಇನ್ನೂ ಕಡೆ. ರಾಯಚೂರು ಶಾಖೋತ್ಪನ್ನ ಕೇಂದ್ರವಿರುವ ಊರಿಗೆ ಶಕ್ತಿನಗರ ಎಂದು ಹೆಸರಿಟ್ಟಾಗಿದೆ. ಆದರೆ ಆ ಕೇಂದ್ರದ ಹೆಸರಿನ ಜೊತೆ ಸದಾ ಬರುವ 1,720 ಮೆಗಾವಾಟ್ ಎಂಬ ಅಂಕಿ ಶಕ್ತಿಯದಲ್ಲ, ಸಾಮರ್ಥ್ಯದ್ದು. ಎಂಟೂ ಘಟಕ ಪೂರ್ತಿ ಓಡಿದರೆ ತಾಸಿಗೆ 17.2 ಲಕ್ಷ ಯೂನಿಟ್. ಆ ಯೂನಿಟ್ಟು ಶಕ್ತಿ. ಇಷ್ಟು ಸರಳವಾದದ್ದನ್ನು ಕಲಸಿಟ್ಟು ‘ಇಷ್ಟು ಮೆಗಾವಾಟ್ ಶಕ್ತಿ ಬಳಕೆಯಾಯಿತು’ ಎಂದು ಬರೆಯುವವರಿಗೆ ಬೆಲ್ಲವನ್ನು ಲೀಟರಿನಲ್ಲಿ ಅಳೆದು ಕೊಡಬೇಕು.

ಕನ್ನಡಕ್ಕೆ ಈ ಗೊಂದಲ ಮೊದಲಿನಿಂದ ಇದ್ದದ್ದಲ್ಲ. ಸಾಕ್ಷಿ ಬೇಕಾದರೆ ಗಾದೆ ಇದೆ: ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.’ ಕಟ್ಟುವುದು ಕಷ್ಟ, ಕೆಡಹುವುದು ಸುಲಭ ಎಂದು ಮೇಷ್ಟ್ರುಗಳು ಇದನ್ನು ವಿಸ್ತರಿಸಿ ಬರೆಸುತ್ತಾರೆ. ಈ ಅಂಕಣದ ಹಟ ಬೇರೆ: ಇದು ಮೂಲತಃ ಭೌತಶಾಸ್ತ್ರದ ಗಾದೆ, ನೀತಿಯವರು ಆಮೇಲೆ ಎತ್ತಿಕೊಂಡು ಹೋದದ್ದು. ಗಾದೆಯಲ್ಲಿ ಒಳ್ಳೆಯದು ಕೆಟ್ಟದ್ದರ ಸುದ್ದಿಯೇ ಇಲ್ಲ, ಇರುವುದು ಎರಡು ಕಾಲಾವಧಿ ಮಾತ್ರ.

ಲೆಕ್ಕ ಹಾಕಿಯೇ ನೋಡಬಹುದು. ಮಣ್ಣು ತುಳಿದು, ತಿಗರಿ ತಿರುಗಿಸಿ, ತಟ್ಟುವ ದುಡಿಮೆಯ ಮೈ ದಿನವಿಡೀ ಸುಮಾರು 75 ವಾಟ್‌ನಂತೆ ಕೆಲಸ ಮಾಡಬಲ್ಲದು. ಎಂಟು ತಾಸಿಗೆ 21.6 ಲಕ್ಷ ಜೌಲ್, ಅಂದರೆ 0.6 ಯೂನಿಟ್. ಇತ್ತ ಅರ್ಧ ಕಿಲೋ ದೊಣ್ಣೆ ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಬಂತೆನ್ನಿ. ಅದರಲ್ಲಿರುವುದು ಬರೀ 9 ಜೌಲ್, ಒಂದು ಲೀಟರ್ ನೀರಿನ ಬಾಟಲಿಯನ್ನು ನೆಲದಿಂದ ಸೊಂಟದ ತನಕ ಎತ್ತುವಷ್ಟು. ಆದರೆ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಅದು ಮಡಕೆಯ ಮೇಲೆ ಖರ್ಚಾದರೆ ಸಾಮರ್ಥ್ಯ 900 ವಾಟ್! ಒಂದು ಎಚ್‌ಪಿ ಎಂದರೆ 746 ವಾಟ್. ದೊಣ್ಣೆ ಆ ಗಳಿಗೆಗೆ ಕುದುರೆಯನ್ನೂ ಮೀರಿಸಿತು. ಕೆಲಸದಲ್ಲಿ ಕುಂಬಾರ ದೊಡ್ಡವ, ಸಾಮರ್ಥ್ಯದಲ್ಲಿ ದೊಣ್ಣೆ.

ಹೊಡೆಯಲು ಒಂದು ನಿಮಿಷವಾದರೂ ಎಲ್ಲಿ ಬೇಕು ಎಂದು ತಕರಾರು ತೆಗೆಯುವವರಿಗೂ ಉತ್ತರವಿದೆ. ನಿಮಿಷ ಎಂದರೆ ಮೊದಲು ಅರವತ್ತು ಸೆಕೆಂಡ್ ಆಗಿರಲಿಲ್ಲ, ರೆಪ್ಪೆ ಬಡಿಯುವಷ್ಟು ಹೊತ್ತಾಗಿತ್ತು. ದೇವತೆಗಳು ಅನಿಮಿಷರಾದದ್ದು ಗಡಿಯಾರ ಇಲ್ಲದ್ದಕ್ಕಲ್ಲ, ರೆಪ್ಪೆ ಮಿಟುಕಿಸದ್ದಕ್ಕೆ. ಗಾದೆ ಕಟ್ಟಿದವರು ದೊಣ್ಣೆಗೆ ಸರಿಯಾದ ಅಳತೆಯನ್ನೇ ಕೊಟ್ಟಿದ್ದಾರೆ. ಈಗ ‘ಒಂದ್ನಿಮಿಷ ಬಂದೆ’ ಎಂದು ಫೋನಿಟ್ಟವರು ಊಟ ಮುಗಿಸಿ ಬರುತ್ತಾರೆ.

ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಗೆ ಈ ಗಾದೆಯ ವಿಸ್ತರಣೆ ಬೇಕಿಲ್ಲ. ಒಂದೆಕರೆ ಗದ್ದೆಗೆ ಐದು ಸೆಂಟಿಮೀಟರ್ ನೀರು ನಿಲ್ಲಿಸಲು ಸುಮಾರು 2 ಲಕ್ಷ ಲೀಟರ್ ಬೇಕು. ಐದು ಮೀಟರ್ ಕೆಳಗಿನ ಹಳ್ಳದಿಂದ ಅದನ್ನು ಎತ್ತುವ ಕೆಲಸ 98 ಲಕ್ಷ ಜೌಲ್. ಒಂದು ತಾಸಿನಲ್ಲಿ ಎತ್ತಿದರೆ 2,722 ವಾಟ್, ಹತ್ತಿರ ಹತ್ತಿರ 3.6 ಎಚ್‌ಪಿ. ಪಂಪು, ಪೈಪುಗಳಲ್ಲಿ ಅರ್ಧ ಪೋಲಾಯಿತೆಂದು ಹಿಡಿದರೆ ಬೇಕಾಗುವುದು ‘ಏಳೂವರೆ’ ಮೋಟರೇ. ಎರಡು ತಾಸು ಕಾಯುವವನಿಗೆ ಅದರ ಅರ್ಧ ಸಾಕಿತ್ತು. ಆದರೆ ತ್ರೀ ಫೇಸ್ ಬರುವುದೇ ದಿನಕ್ಕೆ ಇಂತಿಷ್ಟು ತಾಸು, ಎಕರೆಗಳೋ ಹಲವು. ಹಾಗಾಗಿ ಇಲ್ಲಿ ಮೋಟರಿನ ಎಚ್‌ಪಿ ನಿರ್ಧಾರವಾಗುವುದು ಹೊಲವೊಂದನ್ನೇ ನೋಡಿ ಅಲ್ಲ, ಕರೆಂಟಿನ ವೇಳಾಪಟ್ಟಿಯನ್ನೂ ನೋಡಿ. (ಜೇಮ್ಸ್ ವಾಟ್ ಸಿಂಧನೂರಿನವನಾಗಿದ್ದರೆ ಅಳತೆಗೆ ಕುದುರೆಯನ್ನು ಬಿಟ್ಟು ಎತ್ತು ಹೂಡುತ್ತಿದ್ದ.)

ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಗೂ ಸೂತ್ರ ಇದೇ. ಒಂದು ಟನ್ ಅದಿರನ್ನು 500 ಮೀಟರ್ ಮೇಲೆತ್ತಲು ಹತ್ತು ನಿಮಿಷ ಕೊಟ್ಟರೆ 11 ಎಚ್‌ಪಿ ಸಾಕು, ಒಂದೇ ನಿಮಿಷ ಕೊಟ್ಟರೆ 110 ಬೇಕು.

ಲಿಂಗಸುಗೂರಿನಿಂದ ಸಿಂಧನೂರಿಗೆ ಬರುವ ದಾರಿಯಲ್ಲಿ ಮಸ್ಕಿ. 1915ರಲ್ಲಿ ಅಲ್ಲಿನ ಅಶೋಕನ ಶಾಸನವನ್ನು ಕಂಡವನೂ ಚಿನ್ನದ ಗಣಿಯ ಎಂಜಿನಿಯರ್, ಸಿ. ಬೀಡನ್. ಅದರಲ್ಲಿ ಅಶೋಕನ ಹೆಸರಿದೆ ಎಂಬುದು ಎಲ್ಲರಿಗೂ ಗೊತ್ತು. ‘ಸಕೆ’ ಎಂಬ ಪ್ರಾಕೃತ ಪದವೂ ಇದೆ. ಶಕ್ಯ ಎಂದು ಅರ್ಥ, ಶಕ್ತಿಯ ಒಡಹುಟ್ಟು. ಧರ್ಮದಲ್ಲಿ ತೊಡಗಿದರೆ ಸಣ್ಣವನಿಗೂ ಗುರಿ ಮುಟ್ಟುವುದು ಶಕ್ಯ ಎನ್ನುವ ರಾಜ, ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷ ದಾಟಿತೆಂದು ಕಾಲವನ್ನೂ ನಮೂದಿಸುತ್ತಾನೆ. ಇಂದಿನ ಭಾಷಣಕಾರರು ಬಂಡೆಯ ತನಕ ಒಮ್ಮೆ ಹೋಗಿಬರಬಹುದು.

ಎಲ್ಲ ತಪ್ಪನ್ನೂ ಭಾಷಣದ ಮೇಲೆ ಹೊರಿಸುವುದು ಅನ್ಯಾಯ. ಕಣ್ಣಿನ ಡಾಕ್ಟರು ‘ಪವರ್ ಬಂದಿದೆ’ ಎನ್ನುವುದು ಕಣ್ಣು ಮಂಜಾದಾಗ! ಪಠ್ಯವೂ ಅದನ್ನು ‘ಮಸೂರದ ಸಾಮರ್ಥ್ಯ’ ಎಂದೇ ಕರೆಯುತ್ತದೆ. ಸಂಗಮದೂರ ಅರ್ಧ ಮೀಟರ್ ಇದ್ದರೆ ಸಾಮರ್ಥ್ಯ 2 ಡಯಾಪ್ಟರ್. ಅದರಲ್ಲಿ ಕೆಲಸವೂ ಇಲ್ಲ, ಕಾಲವೂ ಇಲ್ಲ. ಒಂಬತ್ತರಲ್ಲಿ ವಾಟ್ ಕಲಿತು ಹತ್ತಕ್ಕೆ ಬಂದ ಹುಡುಗ ಯಾವುದನ್ನು ನಂಬಬೇಕೋ ಪಠ್ಯ ಬರೆದವರೇ ಹೇಳಲಿ.