ಸಿಮೆಂಟ್ ದೂಳನ್ನು ಹಿಡಿಯುವ ಋಣ ಅಯಾನುಗಳು

ಸೇಡಂ, ವಾಡಿ, ಶಹಾಬಾದ್ ಸೀಮೆಯ ಸಿಮೆಂಟ್ ಉದ್ಯಮಕ್ಕೆ ಭೀಮಾ ಶಿಲಾಸಮೂಹದ ಸುಣ್ಣದ ಕಲ್ಲೇ ಆಧಾರ. ಈ ಕಲ್ಲನ್ನು ಗೂಡಿನಲ್ಲಿ ಸುಮಾರು 1450 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಟ್ಟು ಕ್ಲಿಂಕರ್ ತಯಾರಿಸುವಾಗ ಬಿಸಿ ಅನಿಲದೊಡನೆ ಸೂಕ್ಷ್ಮ ದೂಳೂ ಹೊರಡುತ್ತದೆ. ಸಿಮೆಂಟ್ ಉದ್ಯಮದಲ್ಲಿ ಇಂತಹ ದೂಳನ್ನು ಚಿಮಣಿಗೆ ಸೇರುವ ಮೊದಲೇ ತಡೆಯುವ ಪ್ರಮುಖ ಸಾಧನಗಳಲ್ಲಿ ಒಂದು ಸ್ಥಿರವಿದ್ಯುತ್ ದೂಳುಸಂಗ್ರಾಹಕ. ಕಾರ್ಖಾನೆಗಳಲ್ಲಿ ಇದನ್ನು ಇಎಸ್‌ಪಿ ಎನ್ನುತ್ತಾರೆ. ಇದು ಋಣ ಅಯಾನುಗಳ ನೆರವಿನಿಂದ ಕೆಲಸ ಮಾಡುತ್ತದೆ.

ಋಣ ಅಯಾನು ಎಂದರೇನು?

ಪರಮಾಣು ಅಥವಾ ಅಣುವೊಂದು ಹೆಚ್ಚುವರಿ ಎಲೆಕ್ಟ್ರಾನನ್ನು ಪಡೆದಾಗ ಋಣ ಅಯಾನು ಆಗುತ್ತದೆ. ಆಮ್ಲಜನಕದ ಅಣುವಿಗೆ ಎಲೆಕ್ಟ್ರಾನನ್ನು ಹಿಡಿದಿಟ್ಟುಕೊಳ್ಳುವ ಗುಣವಿದೆ. ಸಾರಜನಕದ ಅಣುವಿಗೆ ಅದಿಲ್ಲ.

ಅಯಾನುಗಳ ಉತ್ಪತ್ತಿ

ಇಎಸ್‌ಪಿಯ ಒಳಗೆ ಭೂಸಂಪರ್ಕವಿರುವ ಎತ್ತರದ ಉಕ್ಕಿನ ಫಲಕಗಳ ಸಾಲುಗಳಿದ್ದು, ಅವುಗಳ ನಡುವೆ ತೆಳು ತಂತಿಗಳು ತೂಗುತ್ತವೆ. ತಂತಿಗಳಿಗೆ ಹತ್ತಾರು ಸಾವಿರ ವೋಲ್ಟ್‌ಗಳ ಋಣ ವಿದ್ಯುತ್ ನೀಡಲಾಗುತ್ತದೆ. ತಂತಿಯ ಸುತ್ತಲಿನ ತೀವ್ರ ವಿದ್ಯುತ್ ಕ್ಷೇತ್ರದಲ್ಲಿ ಎಲೆಕ್ಟ್ರಾನುಗಳು ಅನಿಲದ ಅಣುಗಳಿಗೆ ಬಡಿದು ಇನ್ನಷ್ಟು ಎಲೆಕ್ಟ್ರಾನುಗಳನ್ನು ಬಿಡಿಸುತ್ತವೆ. ಇದೇ ಕರೋನಾ ವಿಸರ್ಜನೆ. ತಂತಿಯಿಂದ ದೂರ ಸರಿದಂತೆ ಎಲೆಕ್ಟ್ರಾನುಗಳ ಶಕ್ತಿ ಕುಗ್ಗಿ, ಅವು ಆಮ್ಲಜನಕಕ್ಕೆ ಅಂಟಿಕೊಳ್ಳುತ್ತವೆ.

ದೂಳಿನ ಸಂಗ್ರಹ

ಫಲಕದತ್ತ ಸಾಗುವ ಋಣ ಅಯಾನುಗಳು ದಾರಿಯಲ್ಲಿ ಸಿಗುವ ದೂಳಿನ ಕಣಗಳಿಗೆ ಆವೇಶ ನೀಡುತ್ತವೆ. ಆವಿಷ್ಟ ಕಣಗಳು ಫಲಕಕ್ಕೆ ಹೋಗಿ ಪದರವಾಗಿ ಕೂರುತ್ತವೆ. ಸುತ್ತಿಗೆಗಳು ಆಗಾಗ ಫಲಕವನ್ನು ಬಡಿದಾಗ ಪದರ ಕಳಚಿ ಕೆಳಗಿನ ಹಾಪರ್‌ಗೆ ಬೀಳುತ್ತದೆ. ಗೂಡಿನ ದೂಳನ್ನು ಮತ್ತೆ ಕಚ್ಚಾವಸ್ತುವಾಗಿ ಬಳಸಬಹುದು.

ಬಿಸಿಯಾದ ಒಣ ಸಿಮೆಂಟ್ ದೂಳಿನ ವಿದ್ಯುತ್ ರೋಧ ಅಧಿಕ. ಪದರದಲ್ಲಿ ಆವೇಶ ಶೇಖರವಾದರೆ ಅಲ್ಲಿಂದಲೇ ವಿರುದ್ಧ ವಿಸರ್ಜನೆ ಆರಂಭವಾಗಿ ಸಂಗ್ರಹ ಕುಸಿಯುತ್ತದೆ. ಆದ್ದರಿಂದ ಗೂಡಿನ ಅನಿಲಕ್ಕೆ ಮೊದಲೇ ನೀರು ಸಿಂಪಡಿಸಿ, ಅದನ್ನು ತಂಪಾಗಿಸಿ ತೇವಗೊಳಿಸುತ್ತಾರೆ.

ಒತ್ತಡ ಮತ್ತು ಶಕ್ತಿ

ಇಎಸ್‌ಪಿಯಲ್ಲಿರುವಂತಹ ವಾಯುಮಂಡಲದ ಒತ್ತಡದಲ್ಲಿ ಅಯಾನು ಹೆಜ್ಜೆಹೆಜ್ಜೆಗೂ ಅಣುಗಳಿಗೆ ಡಿಕ್ಕಿ ಹೊಡೆದು ಶಕ್ತಿ ಕಳೆದುಕೊಳ್ಳುತ್ತದೆ. ಆದರೆ ತೆಳುಪದರಗಳನ್ನು ಲೇಪಿಸಲು ಬಳಸುವ ಕಡಿಮೆ ಒತ್ತಡದ ಕೋಶದಲ್ಲಿ ಇಂತಹ ಅಡ್ಡಿ ವಿರಳ. ಅಲ್ಲಿ ಋಣ ವಿದ್ಯುದಗ್ರದ ಬಳಿ ಹುಟ್ಟಿದ ಅಯಾನು ವಿಕರ್ಷಣೆಯಿಂದ ನೂರಾರು ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಪಡೆದು, ಎದುರಿನ ತೆಳುಪದರಕ್ಕೆ ಹಾನಿ ಮಾಡಬಲ್ಲದು.

ಬಳಕೆ

ಅಮೆರಿಕದ ಫ್ರೆಡರಿಕ್ ಕಾಟ್ರೆಲ್ 1908ರಲ್ಲಿ ಸ್ಥಿರವಿದ್ಯುತ್ತಿನಿಂದ ದೂಳು ಸಂಗ್ರಹಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ಉಷ್ಣವಿದ್ಯುತ್ ಸ್ಥಾವರ ಮತ್ತು ಉಕ್ಕಿನ ಕಾರ್ಖಾನೆಗಳಲ್ಲೂ ಇದು ಬಳಕೆಯಲ್ಲಿದೆ. ಋಣ ಅಯಾನುಗಳ ಉಪಯೋಗ ದೂಳು ಹಿಡಿಯುವುದಕ್ಕಷ್ಟೇ ಸೀಮಿತವಲ್ಲ: ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯು ಪರಮಾಣು ಸಮ್ಮಿಲನ ಸಂಶೋಧನೆಗಾಗಿ ಜಲಜನಕದ ಋಣ ಅಯಾನುಗಳನ್ನು ಅಧ್ಯಯನ ಮಾಡುತ್ತಿದೆ.

ಸುಸ್ಥಿತಿಯಲ್ಲಿರುವ ಇಎಸ್‌ಪಿ ಶೇಕಡ 99ಕ್ಕಿಂತ ಹೆಚ್ಚು ದೂಳನ್ನು ತಡೆಯಬಲ್ಲದು. ಇಂತಹ ಸಾಧನವಿರುವ ಕಾರ್ಖಾನೆಯ ಸುತ್ತಲಿನ ಊರುಗಳ ಗಾಳಿಯೂ ತೊಗರಿ ಹೊಲಗಳೂ ಶುದ್ಧವಾಗಿರಬೇಕಾದರೆ ಅದರ ನಿರ್ವಹಣೆ ಒಂದು ದಿನವೂ ತಪ್ಪಬಾರದು.