ಎಷ್ಟ್ ವ್ಯಾಟ್ ಐತ್ರಿ? - ನಮ್ಮ ಕಡೆಯ ಸ್ಟೀರಿಯೋ ಪುರಾಣ

"ಅಣ್ಣಾ, ಹೊಸಾ ಮನಿಗೆ ಒಂದ್ ಛಲೋ ಸ್ಟೀರಿಯೋ ಹಚ್ಚಬೇಕಂತ ಮಾಡೀನಿ. ಎಷ್ಟ್ ವ್ಯಾಟಿಂದು ತಗೊಳ್ಲಿ?"

ಇಂಡಿಯಿಂದ ಕಾಕಾನ ಮಗ ಫೋನಿನಲ್ಲಿ ಕೇಳಿದ ಪ್ರಶ್ನೆ ಇದು. ಯಾವ ಹಾಡು ಕೇಳ್ತೀಯ, ಕೋಣೆ ಎಷ್ಟು ದೊಡ್ಡದು ಎಂಬ ಮಾತೇ ಇಲ್ಲ, ಸೀದಾ ವ್ಯಾಟ್. ಅವನೊಬ್ಬನೇ ಅಲ್ಲ, ಸಿಂದಗಿಯಲ್ಲಿ ಕೇಳಿ, ಮುದ್ದೇಬಿಹಾಳದಲ್ಲಿ ಕೇಳಿ, ಬಸವನ ಬಾಗೇವಾಡಿಯಲ್ಲಿ ಕೇಳಿ, ಮೊದಲ ಪ್ರಶ್ನೆ ಇದೇ. ನಾವೆಲ್ಲ ಹೀಗೆ ಯಾಕೆ ಕೇಳ್ತೀವಿ ಅಂತ ಯೋಚಿಸುತ್ತಾ ಹೋದರೆ ನೂರು ವರ್ಷದ ಕಥೆಯೇ ಬಿಚ್ಚಿಕೊಳ್ಳುತ್ತದೆ. ಅವನಿಗೆ ಫೋನಿನಲ್ಲಿ ಅಷ್ಟೆಲ್ಲ ಹೇಳಲಿಕ್ಕಾಗಲಿಲ್ಲ, ಇಲ್ಲಿ ಬರೆದಿದ್ದೇನೆ. ಸ್ವಲ್ಪ ಉದ್ದವಾಗಿದೆ, ಚಹಾ ಇಟ್ಟುಕೊಂಡು ಕೂತುಕೊಳ್ಳಿ.

ಶುರುವಿನಲ್ಲಿ ವ್ಯಾಟ್ ಎಂಬುದೇ ಇರಲಿಲ್ಲ. ಗ್ರಾಮಫೋನ್ ಕಂಪನಿಯವರು ಭಾರತದಲ್ಲಿ ಧ್ವನಿಮುದ್ರಣ ಶುರು ಮಾಡಿದ್ದು 1902ರಲ್ಲಿ. 1908ರಿಂದ ಕಲ್ಕತ್ತೆಯಲ್ಲೇ ಪ್ಲೇಟುಗಳು ತಯಾರಾಗತೊಡಗಿದವು. ಪೆಟ್ಟಿಗೆಗೆ ಚಾವಿ ಕೊಟ್ಟರೆ ಒಳಗಿನ ಸ್ಪ್ರಿಂಗ್ ಬಿಚ್ಚಿಕೊಳ್ಳುತ್ತಾ ಪ್ಲೇಟನ್ನು ನಿಮಿಷಕ್ಕೆ 78 ಸುತ್ತು ತಿರುಗಿಸುತ್ತಿತ್ತು. ಮುಳ್ಳು ಅದುರುತ್ತಿತ್ತು, ಆ ಅದುರು ತೆಳುವಾದ ಪರದೆಗೆ, ಅಲ್ಲಿಂದ ಹಾರ್ನಿಗೆ. ಕರೆಂಟ್ ಬೇಡ, ಆಂಪ್ಲಿಫೈಯರ್ ಬೇಡ. ಹತ್ತಿಂಚಿನ ಪ್ಲೇಟಿನ ಒಂದು ಬದಿಗೆ ಹೆಚ್ಚುಕಡಿಮೆ ಮೂರು ನಿಮಿಷ ಅಷ್ಟೇ. ರಾಗವಾಗಲಿ, ನಾಟಕದ ಹಾಡಾಗಲಿ ಅಷ್ಟರೊಳಗೆ ಮುಗಿಸಬೇಕು. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ ಇಬ್ಬರೂ ಆ ಪ್ಲೇಟುಗಳ ಕಾಲದಲ್ಲಿ ಹಾಡಿದವರೇ. ನಮ್ಮದೇ ಜಿಲ್ಲೆಯ ಬೀಳಗಿಯ ಅಮೀರಬಾಯಿ ಕರ್ನಾಟಕಿ ಮುಂಬಯಿಗೆ ಹೋಗಿ 1943ರ "ಕಿಸ್ಮತ್" ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಗೊತ್ತಾದರು. (ಬೀಳಗಿ ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದೆ. 1997ರಲ್ಲಿ ಜಿಲ್ಲೆ ಒಡೆದರೂ ಅಮೀರಬಾಯಿಯನ್ನು ಬಿಟ್ಟುಕೊಡಲಿಕ್ಕೆ ನಾನಂತೂ ತಯಾರಿಲ್ಲ.)

ಆದರೆ ಪ್ಲೇಟಿಗೆ ಹೋದದ್ದು ಕಂಪನಿಯವರಿಗೆ ಬೇಕಾದ ಹಾಡು. ನಮ್ಮ ಹಳ್ಳಿಯ ಹೆಣ್ಣುಮಕ್ಕಳು ಬೀಸುವ ಕಲ್ಲಿನ ಮುಂದೆ ಹಾಡಿದ್ದನ್ನು ಹಿಡಿಯಲು ಯಂತ್ರ ಹಿಡಿದುಕೊಂಡು ಯಾರು ಬರುತ್ತಾರೆ? ಆಗಿನ ಇಂಡಿ ತಾಲೂಕಿನ ಹಲಸಂಗಿಯಲ್ಲಿ ಮಧುರಚೆನ್ನರು ಮತ್ತು ಗೆಳೆಯರು ಆ ಹಾಡುಗಳನ್ನು ಕಿವಿಯಿಂದ ಕೇಳಿ ಕೈಯಿಂದ ಬರೆದುಕೊಂಡರು. "ಗರತಿಯ ಹಾಡು" ಪುಸ್ತಕ ಬಂದದ್ದು 1931ರಲ್ಲಿ. ಅದೇ 1931ರಲ್ಲಿ ಲಂಡನ್ನಿನಲ್ಲಿ ಅಲನ್ ಬ್ಲಮ್ಲೈನ್ ಎಂಬ ಇಂಜಿನಿಯರ್ ಎರಡು ಚಾನೆಲ್ಲಿನ ಧ್ವನಿಮುದ್ರಣಕ್ಕೆ, ಅಂದರೆ ನಾವು ಈಗ ಸ್ಟೀರಿಯೋ ಅನ್ನುವುದಕ್ಕೆ, ಪೇಟೆಂಟ್ ಅರ್ಜಿ ಹಾಕಿದ. ಅಲ್ಲಿ ಎಡಗಿವಿ, ಬಲಗಿವಿಯ ಲೆಕ್ಕ ನಡೆದಿದ್ದಾಗ ಇಲ್ಲಿ ಹಾಡು ಕಾಗದಕ್ಕೆ ಇಳಿಯುತ್ತಿತ್ತು. ಪದ ಉಳಿದವು, ದನಿ ಉಳಿಯಲಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಮೇಲೆ ರೇಡಿಯೋ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ಗುಲ್ಬರ್ಗಾ ಕೇಂದ್ರ 1966ರಲ್ಲಿ. 1952ರಲ್ಲಿ ಕೇಂದ್ರ ಮಂತ್ರಿ ಕೇಸ್ಕರ್ ಕಾಲದಲ್ಲಿ ಆಕಾಶವಾಣಿಯಿಂದ ಸಿನಿಮಾ ಹಾಡು ಮಾಯವಾದವು, ಜನ ರೇಡಿಯೋ ಸಿಲೋನಿಗೆ ಮುಳ್ಳು ತಿರುಗಿಸಿದರು, 1957ರಲ್ಲಿ ವಿವಿಧ ಭಾರತಿ ಬಂತು.. ಇದೆಲ್ಲ ನಿಮಗೆ ಗೊತ್ತಿರುವುದೇ. ರೇಡಿಯೋ ಇಟ್ಟುಕೊಳ್ಳಲು ಪೋಸ್ಟಾಫೀಸಿನಲ್ಲಿ ವರ್ಷವರ್ಷ ಲೈಸೆನ್ಸ್ ಕಟ್ಟಬೇಕಿತ್ತು, ಆ ಪದ್ಧತಿ 1980ರ ದಶಕದ ಮಧ್ಯದವರೆಗೂ ನಡೆಯಿತು. ನಮ್ಮ ಕಥೆಗೆ ಮುಖ್ಯವಾದದ್ದು ಬೇರೆ. ಮೀಡಿಯಂ ವೇವ್ ರೇಡಿಯೋ ಮೋನೋ, ಒಂದೇ ಸ್ಪೀಕರ್, ತೀರಾ ಕೀರಲು ದನಿ ಅದರಲ್ಲಿ ದಾಟಿ ಬರುವುದೇ ಇಲ್ಲ. ಆ ದುಂಡಗಿನ ದನಿಯೇ ನಮ್ಮ ಹಿರಿಯರಿಗೆ "ಛಲೋ ಆವಾಜ್" ಆಯಿತು.

ಇನ್ನು ವ್ಯಾಟ್ ಎಲ್ಲಿಂದ ಬಂತು? ನನ್ನ ಪ್ರಕಾರ ಮೈಕ್ ಸೆಟ್ಟಿನಿಂದ.

ಜಾತ್ರೆ, ಮದುವೆ, ಭಜನೆ, ಸಣ್ಣಾಟ, ಗೀಗೀ ಪದ, ಚುನಾವಣೆ ಎಲ್ಲದಕ್ಕೂ ಮೈಕ್ ಸೆಟ್. ಹಳ್ಳಿಗಳಿಗೆ ಕರೆಂಟ್ ಇಲ್ಲದಿದ್ದರೂ 12 ವೋಲ್ಟಿನ ಬ್ಯಾಟರಿ ಮೇಲೆ ನಡೆಯುತ್ತಿತ್ತು. ಬೇವಿನ ಮರಕ್ಕೋ ಗುಡಿಯ ಶಿಖರಕ್ಕೋ ಹಾರ್ನ್ ಕಟ್ಟಿದರೆ ಪಕ್ಕದ ಊರಿಗೂ ಕೇಳಬೇಕು. ಹಾರ್ನಿನ ಗುಟ್ಟು ಅದರ ಸೆನ್ಸಿಟಿವಿಟಿ. ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 105 ಡೆಸಿಬಲ್ಲಿಗೂ ಹೆಚ್ಚು ಸದ್ದು ಮಾಡುತ್ತದೆ. ಮನೆಯ ಸಾಧಾರಣ ಸ್ಪೀಕರ್ ಅದೇ ಒಂದು ವ್ಯಾಟಿಗೆ 85ರ ಆಸುಪಾಸು. ವ್ಯತ್ಯಾಸ 20 ಡೆಸಿಬಲ್. ಪ್ರತಿ 10 ಡೆಸಿಬಲ್ಲಿಗೆ ಹತ್ತು ಪಟ್ಟು ಪವರ್ ಬೇಕು, ಹಾಗಾಗಿ 20 ಡೆಸಿಬಲ್ ಅಂದರೆ ನೂರು ಪಟ್ಟು. ಗುಡಿ ಮೇಲಿನ ಹಾರ್ನ್ ಒಂದು ವ್ಯಾಟಿನಲ್ಲಿ ಮಾಡುವ ಸದ್ದಿಗೆ ನಿಮ್ಮ ಮನೆಯ ಡಬ್ಬಿಗೆ ನೂರು ವ್ಯಾಟ್ ಬೇಕು! ಇಷ್ಟು ಗೊತ್ತಾದರೆ ವ್ಯಾಟ್ ಎನ್ನುವುದು ಅರ್ಧ ಮಾತು ಅಂತ ತಿಳಿಯುತ್ತದೆ. ಆದರೆ ಬಾಡಿಗೆ ಮಾತಾಡುವಾಗ ಡೆಸಿಬಲ್ ಯಾರು ಕೇಳುತ್ತಾರೆ? "ನಲವತ್ತು ವ್ಯಾಟಿನ ಮಷೀನ್, ನಾಕು ಹಾರ್ನ್" ಅಂತಲೇ ವ್ಯವಹಾರ. ಹಾರ್ನಿನಲ್ಲಿ ಮಂದ್ರ ಸ್ವರ ಬರುವುದೇ ಇಲ್ಲ, ಡೊಳ್ಳು ಬಾರಿಸಿದರೆ ಟಣ್ ಟಣ್ ಅನ್ನುತ್ತದೆ. ಅದರ ಬಗ್ಗೆ ಯಾರೂ ತಕರಾರು ಮಾಡಲಿಲ್ಲ. ದೂರಕ್ಕೆ ಕೇಳಬೇಕು, ಅಷ್ಟೇ.

ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ಜಗತ್ತಿಗೆ ತೋರಿಸಿದ್ದು 1963ರಲ್ಲಿ. ನಮ್ಮ ಕಡೆ ಅದು ಮನೆಮನೆಯ ಮಾತಾದದ್ದು 1980ರ ದಶಕದಲ್ಲಿ. ಟೂ-ಇನ್-ಒನ್ ಅಂದರೆ ರೇಡಿಯೋ, ಟೇಪ್ ಎರಡೂ. ಕರೆಂಟ್ ಹೋದರೆ ಆರು ದೊಡ್ಡ ಸೆಲ್ ಹಾಕಿ 9 ವೋಲ್ಟಿನಲ್ಲಿ ನಡೆಸಬಹುದು. ಇಂಡಿಯವರು ಸೊಲ್ಲಾಪುರಕ್ಕೆ, ಉಳಿದವರು ವಿಜಾಪುರಕ್ಕೋ (2014ರಿಂದ ವಿಜಯಪುರ) ಹುಬ್ಬಳ್ಳಿಗೋ ಹೋಗಿ ತರುತ್ತಿದ್ದರು. ಇದರ ದೊಡ್ಡ ಗುಣ ಏನೆಂದರೆ ಕೆಂಪು ಬಟನ್. ಮೊದಲ ಸಲ ನಮ್ಮ ಜನ ಕೇಳುವವರಷ್ಟೇ ಆಗಿ ಉಳಿಯಲಿಲ್ಲ, ತಮ್ಮ ದನಿಯನ್ನು ತಾವೇ ಹಿಡಿದಿಟ್ಟುಕೊಂಡರು. ಹಲಸಂಗಿಯ ಗೆಳೆಯರಿಗೆ 1931ರಲ್ಲಿ ಸಿಗದಿದ್ದ ಯಂತ್ರ ಐವತ್ತು ವರ್ಷದ ಮೇಲೆ ನಮ್ಮ ಪಡಸಾಲೆಗೆ ಬಂದು ಕೂತಿತ್ತು. ನಮ್ಮ ಆಯಿ ಹಾಡಿದ ಬೀಸುಕಲ್ಲಿನ ಪದಗಳ ಎರಡು ಕ್ಯಾಸೆಟ್ ಇವತ್ತಿಗೂ ಮನೆಯ ಟ್ರಂಕಿನಲ್ಲಿವೆ. ಆಯಿ ಇಲ್ಲ.

ಇನ್ನು ನನಗೆ ಬಹಳ ಇಷ್ಟವಾದ ಅಧ್ಯಾಯ: ಅಸೆಂಬಲ್ಡ್ ಆಂಪ್ಲಿಫೈಯರ್. ಕಲ್ಕತ್ತೆಯ ಸೋನೋಡೈನ್ (1970ರಲ್ಲಿ ಶುರುವಾದದ್ದು) ಥರದ ಕಂಪನಿಗಳ ಸ್ಟೀರಿಯೋ ಪೇಟೆಯ ಶ್ರೀಮಂತರ ಮನೆಯಲ್ಲಿರುತ್ತಿತ್ತು. ನಮಗೆ ರೇಡಿಯೋ ರಿಪೇರಿ ಅಂಗಡಿಯೇ ಸೋನೋಡೈನ್. ಸ್ಯಾನ್ಯೋ ಕಂಪನಿಯ ಎಲ್ಎ4440 ಐಸಿ ಒಂದು ಬೋರ್ಡಿನ ಮೇಲೆ, ಒಂದು ಟ್ರಾನ್ಸ್‌ಫಾರ್ಮರ್, ತಗಡಿನ ಡಬ್ಬಿ, ಮುಂದೆ ಮಿಣಮಿಣ ಎಲ್ಇಡಿ. ಇನ್ನೂ ಜೋರು ಬೇಕಾದವರಿಗೆ 2ಎನ್3055 ಟ್ರಾನ್ಸಿಸ್ಟರ್. ಬಡಿಗ್ಯಾರ ಕಡೆ ಪ್ಲೈವುಡ್ ಡಬ್ಬಿ ಮಾಡಿಸಿ ಸ್ಪೀಕರ್ ಕೂರಿಸುವುದು. ಇಂಜಿನಿಯರಿಂಗಿನಲ್ಲಿ ನಾಲ್ಕು ವರ್ಷ ನಾನು ಕಲಿತ ಹೀಟ್ ಸಿಂಕಿನ ಪಾಠವನ್ನು ಆ ಅಂಗಡಿಯವರು ಬೆರಳಿಟ್ಟು ನೋಡಿ ಹೇಳುತ್ತಿದ್ದರು: "ಕೈ ಸುಟ್ಟರ ತಗಡ ಸಾಲಂಗಿಲ್ಲ." :-)

ಆದರೆ ಡಬ್ಬಿಯ ಮೇಲಿನ ಸ್ಟಿಕ್ಕರ್? "1000 ವ್ಯಾಟ್". 1991ರ ನಂತರ ವಿದೇಶಿ ಮಿನಿ ಸಿಸ್ಟಮ್‌ಗಳು ಬಂದವು, ಜೊತೆಗೆ ಪಿಎಂಪಿಒ ಎಂಬ ಭೂತವೂ ಬಂತು. ಪಿಎಂಪಿಒಗೆ ಯಾವ ಮಾನದಂಡವೂ ಇಲ್ಲ, ಬರೆದವನಿಗೆ ತಿಳಿದ ಸಂಖ್ಯೆ ಅದು. ಅಮೆರಿಕದಲ್ಲಿ ಇಂಥ ಸುಳ್ಳು ವ್ಯಾಟ್ ತಡೆಯಲು 1974ರಲ್ಲೇ ನಿಯಮ ಮಾಡಿದ್ದರು. ನಾವು ಸ್ಟಿಕ್ಕರ್ ನಂಬಿದೆವು. ನೀವೇ ಲೆಕ್ಕ ಹಾಕಿ: ಒಳಗಿನ ಟ್ರಾನ್ಸ್‌ಫಾರ್ಮರ್ 12 ವೋಲ್ಟ್, 2 ಆಂಪಿಯರ್ ಅಂತಿಟ್ಟುಕೊಳ್ಳಿ. ಗುಣಿಸಿದರೆ 24. ಇಪ್ಪತ್ನಾಲ್ಕು ಒಳಗೆ ಹೋಗಿ ಸಾವಿರ ಹೊರಗೆ ಬರಲಿಕ್ಕೆ ಅದೇನು ಅಕ್ಷಯ ಪಾತ್ರೆಯೇ? ಎಲ್ಎ4440 ಎರಡೂ ಚಾನೆಲ್ ಸೇರಿಸಿ ಬ್ರಿಜ್ ಮಾಡಿದರೂ 19 ವ್ಯಾಟ್, ಅದೂ ದನಿ ಒಡೆದು ಶೇಕಡಾ 10 ಹಾಳಾಗುವ ಮಟ್ಟದಲ್ಲಿ. ಸ್ಟೀರಿಯೋದಲ್ಲಿ ಚಾನೆಲ್ಲಿಗೆ 6 ವ್ಯಾಟ್.

ಈ ಪರಂಪರೆಯ ಈಗಿನ ಕುಡಿ ಕಬ್ಬಿನ ಟ್ರ್ಯಾಕ್ಟರ್. ಹಿಂದೆ ಎರಡು ಟ್ರೇಲರ್, ಮುಂದೆ ಸೀಟಿನ ಸುತ್ತ ಸ್ಪೀಕರ್. ಹಿಂದಿನಿಂದ ಬಸ್ಸು ಎಷ್ಟು ಹಾರ್ನ್ ಹೊಡೆದರೂ ಡ್ರೈವರಿಗೆ ಕೇಳುವುದಿಲ್ಲ. ತಮಾಷೆ ಅನಿಸಬಹುದು, ಆದರೆ ಕತ್ತಲಲ್ಲಿ ಆ ರಸ್ತೆಯಲ್ಲಿ ಬೈಕ್ ಓಡಿಸಿದವರಿಗೆ ನಗು ಬರುವುದಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಚ್ಚಬಾರದೆಂಬ ನಿಯಮ 2000ದಿಂದ ಇದೆ, ಕಾಗದದ ಮೇಲೆ.

ಸರಿ, ಈಗ ತಮ್ಮನ ಪ್ರಶ್ನೆ. ಅವನ ಕೋಣೆ 12ಕ್ಕೆ 14 ಅಡಿ. ಅಲ್ಲಿ ಆರಾಮಾಗಿ ಹಾಡು ಕೇಳಲು ಬಹಳಷ್ಟು ಹೊತ್ತು ಒಂದೆರಡು ವ್ಯಾಟ್ ಸಾಕು. ತಬಲಾದ ಪೆಟ್ಟು ಥಟ್ಟನೆ ಏರುತ್ತದಲ್ಲ, ಅದಕ್ಕೆ ಮೀಸಲು ಅಂತ ಚಾನೆಲ್ಲಿಗೆ 20-30 ನಿಜವಾದ ವ್ಯಾಟ್ (ಆರ್‌ಎಂಎಸ್ ಅಂತ ಬರೆದಿರುತ್ತಾರೆ) ಇದ್ದರೆ ಬೇಕಾದಷ್ಟಾಯಿತು. 30ರ ಬದಲು 60 ತಗೊಂಡರೆ ಹೆಚ್ಚುವುದು ಬರೀ 3 ಡೆಸಿಬಲ್. ಅದೇ 3 ಡೆಸಿಬಲ್ ನಿಮಗೆ 85ರ ಬದಲು 88ರ ಸೆನ್ಸಿಟಿವಿಟಿ ಇರುವ ಸ್ಪೀಕರ್ ಆರಿಸಿದರೂ ಸಿಗುತ್ತದೆ. ಅಂಗಡಿಯಲ್ಲಿ ಡಬ್ಬಿಯ ಮುಂದಿನ ಸ್ಟಿಕ್ಕರ್ ನೋಡಬೇಡಿ, ತಿರುಗಿಸಿ ಬೆನ್ನು ನೋಡಿ. ಅಲ್ಲಿ ಎಷ್ಟು ಕರೆಂಟ್ ಎಳೆಯುತ್ತದೆ ಅಂತ ಬರೆದಿರುತ್ತದೆ. ಅದಕ್ಕಿಂತ ಹೆಚ್ಚು ದನಿ ಸತತವಾಗಿ ಹೊರಬರಲಿಕ್ಕೆ ಸಾಧ್ಯವೇ ಇಲ್ಲ.

ದುಡ್ಡಿನ ಅರ್ಧಕ್ಕೂ ಹೆಚ್ಚು ಸ್ಪೀಕರಿಗೆ ಹಾಕಿ ಅಂತ ನನ್ನ ಸಲಹೆ. ಈಗಿನ ಆಂಪ್ಲಿಫೈಯರುಗಳೆಲ್ಲ ಹೆಚ್ಚುಕಡಿಮೆ ಚೆನ್ನಾಗಿಯೇ ಇವೆ, ಅಂಗೈಯಗಲದ ಕ್ಲಾಸ್-ಡಿ ಡಬ್ಬಿ ಆ ಹಳೇ ಭಾರದ ತಗಡಿನ ಡಬ್ಬಿಗಿಂತ ಶುದ್ಧ. ಸ್ಪೀಕರ್ ಹಾಗಲ್ಲ, ಒಂದೊಂದರ ಗಂಟಲು ಒಂದೊಂದು ಥರ. ನಿಮಗೆ ಬಾಯಿಪಾಠವಾಗಿರುವ ಹಾಡನ್ನು ಒಯ್ದು ಅಂಗಡಿಯಲ್ಲಿ ಹಾಕಿಸಿ ಕೇಳಿ. ಸ್ಪೀಕರಿನ ಬೆನ್ನಿಗೆ 4 ಓಮ್ ಅಂತಿದ್ದರೆ ಆಂಪ್ಲಿಫೈಯರ್ 4 ಓಮ್ ತಡೆಯುತ್ತದೆಯೇ ನೋಡಿಕೊಳ್ಳಿ, 8 ಓಮ್ ಆದರೆ ಚಿಂತೆ ಇಲ್ಲ. ವೈರ್ ದಪ್ಪ ತಾಮ್ರದ್ದಾದರೆ ಸಾಕು, ವೈರಿಗೆ ಬಂಗಾರದ ರೇಟ್ ಹೇಳುವವರಿಗೆ ನಮಸ್ಕಾರ ಹೇಳಿ ಎದ್ದು ಬನ್ನಿ. ಬೇಸಿಗೆಯಲ್ಲಿ ನಮ್ಮ ಕಡೆ ವೋಲ್ಟೇಜ್ ಏರಿಳಿಯುವುದು ಗೊತ್ತಲ್ಲ, ದೊಡ್ಡ ಟ್ರಾನ್ಸ್‌ಫಾರ್ಮರಿನ ಮಷೀನಾದರೆ ಸ್ಟೆಬಿಲೈಸರ್ ಬೇಕು. 100ರಿಂದ 240 ವೋಲ್ಟ್ ಅಂತ ಬರೆದ ಅಡಾಪ್ಟರಿನದಾದರೆ ಕೆಳಗಿಳಿದರೂ ತಡೆದುಕೊಳ್ಳುತ್ತದೆ.

ಇನ್ನೊಂದು, ಕೋಣೆ. ಅಜ್ಜನ ಕಾಲದ ಮಣ್ಣಿನ ಮಾಳಿಗೆ ಮನೆಯಲ್ಲಿ ಜಂತಿ, ತೊಲೆ, ಮೂಲೆಯಲ್ಲಿ ಜೋಳದ ಚೀಲ.. ದನಿ ಗುಂಯ್ ಅನ್ನಲಿಕ್ಕೆ ಜಾಗವೇ ಇಲ್ಲ. ಈಗಿನ ಆರ್‌ಸಿಸಿ ಕೋಣೆಯಲ್ಲಿ ಟೈಲ್ಸ್, ಗಾಜು, ಖಾಲಿ ಗೋಡೆ. ಚಪ್ಪಾಳೆ ತಟ್ಟಿದರೆ ಗೋಳಗುಮ್ಮಟವೇ! ಅದಕ್ಕೆ ವಿದೇಶಿ ಫೋಮ್ ಹಲಗೆ ಮಾರುತ್ತಾರೆ. ನಮ್ಮಲ್ಲಿ ಕೌದಿ ಇದೆಯಲ್ಲ! ನೀವು ಕೂರುವ ಜಾಗದ ಹಿಂದಿನ ಗೋಡೆಗೆ ಒಂದು ದಪ್ಪ ಕೌದಿ, ನೆಲಕ್ಕೆ ಒಂದು ಜಮಖಾನಿ ಹಾಕಿ ನೋಡಿ. ಎರಡು ಸ್ಪೀಕರ್ ಮತ್ತು ನೀವು, ಮೂರೂ ಸಮನಾದ ತ್ರಿಕೋನದಲ್ಲಿರಲಿ, ಡಬ್ಬಿಗಳು ಗೋಡೆಗೆ ಅಂಟಿರದೆ ಒಂದು ಅಡಿಯಾದರೂ ಮುಂದಿರಲಿ.

ಹಾಡು ಎಲ್ಲಿಂದ ಬರಬೇಕು ಎಂಬುದಕ್ಕೆ ಈಗ ಎಲ್ಲರ ಉತ್ತರ ಫೋನ್. ನಾನು ತಮ್ಮನಿಗೆ ಹಾಗೆ ಹೇಳಲಿಲ್ಲ. ಮೊದಲು ಒಂದು ಹಳೇ ಸ್ಟೀರಿಯೋ ಕ್ಯಾಸೆಟ್ ಡೆಕ್ ಹುಡುಕು, ಬೆಲ್ಟ್ ಹೊಸದು ಹಾಕಿಸು, ಉಳಿದ ದುಡ್ಡಿನಲ್ಲಿ ಬಾಕಿ ಎಲ್ಲ ಅಂದೆ. ಯಾಕೆಂದರೆ ಫೋನಿನಲ್ಲಿರುವ ಹಾಡು ಹತ್ತು ವರ್ಷದ ನಂತರವೂ ಸಿಗುತ್ತದೆ, ಟ್ರಂಕಿನಲ್ಲಿರುವುದು ಸಿಗುವುದಿಲ್ಲ. ಟೇಪಿನ ಅಂಟು ಬಿಡುತ್ತದೆ, ಒಳಗಿನ ಪುಟ್ಟ ಮೆತ್ತೆ ಉದುರುತ್ತದೆ, ಹೆಡ್ ರಿಪೇರಿ ಬಲ್ಲ ಕೈಗಳು ಕಡಿಮೆಯಾಗುತ್ತಿವೆ. ಇಂಥ ಕ್ಯಾಸೆಟ್ಟುಗಳು ನಮ್ಮೊಬ್ಬರ ಮನೆಯಲ್ಲಷ್ಟೇ ಇರಲಿಕ್ಕಿಲ್ಲ.

ಡೆಕ್ ಸಿಕ್ಕ ಮೇಲೆ ಹೆಡ್ಡನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ. ಕ್ಯಾಸೆಟ್ಟನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಓಡಿಸಿ. ಹೆಡ್ಡಿನ ಪಕ್ಕ ಒಂದು ಪುಟ್ಟ ಸ್ಕ್ರೂ ಇರುತ್ತದೆ. ರೆಕಾರ್ಡ್ ಮಾಡಿದ ಮಷೀನಿನ ಹೆಡ್ ಎಷ್ಟು ವಾಲಿತ್ತೋ ಇದೂ ಅಷ್ಟೇ ವಾಲಬೇಕು, ಇಲ್ಲದಿದ್ದರೆ ದನಿ ಕಂಬಳಿ ಹೊದ್ದಂತೆ ಕೇಳುತ್ತದೆ. ಕೂದಲೆಳೆಯಷ್ಟೇ ತಿರುಗಿಸುತ್ತಾ ಹೋಗಿ, "ಸ" ಅಕ್ಷರ ಚುರುಕಾಗಿ ಕೇಳುವ ಜಾಗದಲ್ಲಿ ನಿಲ್ಲಿಸಿ. ಟೂ-ಇನ್-ಒನ್‌ನಲ್ಲಿ ಹಿಡಿದದ್ದು ಬಹುತೇಕ ಮೋನೋ, ಹಾಗಾಗಿ ಕಂಪ್ಯೂಟರಿಗೆ ಇಳಿಸಿಕೊಂಡ ಮೇಲೆ ಎರಡೂ ಚಾನೆಲ್ ಕೂಡಿಸಿ, ಟೇಪಿನ ಸುಸ್ಸ್ ಸದ್ದು ಸ್ವಲ್ಪ ಇಳಿಯುತ್ತದೆ. ಎಂಪಿ3 ಬೇಡ, ವೇವ್ ಕಡತವಾಗಿ ಇಡಿ, ಎರಡು ಕಡೆ ಇಡಿ.

ಇವೆಲ್ಲಕ್ಕಿಂತ ಮೊದಲು ಕ್ಯಾಸೆಟ್ಟಿನ ಬೆನ್ನಿನ ಎರಡು ಪ್ಲಾಸ್ಟಿಕ್ ಚೂರುಗಳನ್ನು ಮುರಿದುಬಿಡಿ. ಅವು ಇರುವವರೆಗೆ ಕೆಂಪು ಬಟನ್ ಒತ್ತಿದರೆ ಹಳೆಯದು ಅಳಿಸಿ ಹೊಸದು ಕೂರುತ್ತದೆ. ಆಯಿಯ ಎರಡನೇ ಕ್ಯಾಸೆಟ್ಟಿನ ಬಿ ಬದಿಯಲ್ಲಿ ಪದ ನಡೆದಿದ್ದ ಹಾಗೆಯೇ ನಡುವೆ ಟಕ್ ಅಂತ ಸದ್ದಾಗಿ ಯಾವುದೋ ಸಿನಿಮಾ ಹಾಡು ಶುರುವಾಗುತ್ತದೆ, ಕೊನೆಯವರೆಗೂ ಅದೇ. ಯಾರು ಒತ್ತಿದ್ದು ಅಂತ ಮನೆಯಲ್ಲಿ ಇವತ್ತಿಗೂ ಯಾರೂ ಬಾಯಿ ಬಿಟ್ಟಿಲ್ಲ.